ಬಿದ್ದವನ ಮನೆಯ ಮುಂದೆ



ನೆರೆಮನೆಯಲ್ಲಿ ದುರಂತ ನಡೆದಾಗ "ಅಯ್ಯೋ ಪಾಪ" ಎನ್ನುತ್ತೇವೆ. ಮರುಕ್ಷಣವೇ "ಅವನು ಹಾಗೆ ಮಾಡಬಾರದಿತ್ತು" ಎನ್ನುತ್ತೇವೆ. ಈ ಎರಡನೆಯ ಮಾತನ್ನು ಇಂದು ಸ್ವಲ್ಪ ಧ್ಯಾನಿಸೋಣ.

ಸರ್ವಜ್ಞನ ಊರೆಂದು ಹೆಸರಾದ ಅಬಲೂರಿನ ರೈತನ ಮಗನೊಬ್ಬ ಪದವಿ ತರಗತಿಯಲ್ಲಿ ಕನ್ನಡ ಸಾಹಿತ್ಯ ಓದುತ್ತಿದ್ದ. ಬಿ.ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' ಓದಿದ. 1929ರ ಆ ರುದ್ರನಾಟಕಕ್ಕೆ ಗ್ರೀಕ್ ಕವಿ ಸೊಫೊಕ್ಲಿಸನ 'ಏಜಾಕ್ಸ್' ಮಾದರಿ. ಮೊದಲ ವರ್ಷ ಅವನ ತೀರ್ಪು ಸರಳವಾಗಿತ್ತು: "ಫಾದರ್, ಸೊಕ್ಕು ಮಾಡಿದಾಂವ ಕೆಟ್ಟ. ಇದರಾಗ ಅಳೂದೇನೈತ್ರೀ?"

ಎರಡನೆಯ ವರ್ಷ ಅರಿಸ್ಟಾಟಲನ ವಿಚಾರ ತಿಳಿಯಿತು. ದುರಂತ ನಾಯಕ ದುಷ್ಟನಲ್ಲ, ಪರಿಪೂರ್ಣ ಸಜ್ಜನನೂ ಅಲ್ಲ. 'ಹಮಾರ್ತಿಯ' ಎಂಬ ಒಂದು ತಪ್ಪಿನಿಂದ ಬೀಳುತ್ತಾನೆ. ನೋಡುವವರಲ್ಲಿ ಕರುಣೆ, ಭಯ ಹುಟ್ಟುತ್ತವೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಪಾಪಕ್ಕೆ ಇರುವ ಶಬ್ದವೂ ಇದೇ. ಹುಡುಗ ಕರುಣೆಯನ್ನು ಬಿಟ್ಟು, ಪ್ರತಿಯೊಬ್ಬ ನಾಯಕನ ತಪ್ಪು ಹುಡುಕುವುದನ್ನು ಕಲಿತ. ಪರೀಕ್ಷೆಗೆ ಅಷ್ಟು ಸಾಕಿತ್ತು.

ಮೂರನೆಯ ವರ್ಷ ಅವನ ಓಣಿಯಲ್ಲಿ ಸಾಲದಲ್ಲಿ ಮುಳುಗಿದ್ದ ರೈತನೊಬ್ಬ ತನ್ನ ಜೀವ ತಾನೇ ಕಳೆದುಕೊಂಡ. ಕಟ್ಟೆಯ ಮೇಲೆ ಕುಳಿತವರು ಕಾರಣ ಎಣಿಸಿದರು: ಮಗಳ ಮದುವೆಯ ಖರ್ಚು, ನೀರು ಬಾರದ ಬೋರು, ಕೈಕೊಟ್ಟ ಗೋವಿನಜೋಳ. "ಫಾದರ್, ಅವರು ನಾ ಬರೆದ ಉತ್ತರಾನ ಹೇಳಾಕತ್ತಿದ್ರು" ಎಂದ ಹುಡುಗ.

ಅವನು ಮತ್ತೆ 'ಏಜಾಕ್ಸ್' ತೆರೆದ. ನಾಯಕ ತನ್ನನ್ನು ತಾನೇ ಕೊಂದುಕೊಂಡ ಮೇಲೂ ನಾಟಕ ಮುಗಿಯುವುದಿಲ್ಲ. ಶವವನ್ನು ಹೂಳಬೇಕೇ ಬೇಡವೇ ಎಂಬ ಜಗಳ ನಡೆಯುತ್ತದೆ. ಕೊನೆಗೆ ಮಣ್ಣು ಮಾಡಲು ಬಿಡಿರೆಂದು ವಾದಿಸುವವನು ಒಡಿಸ್ಸಿಯಸ್, ಸತ್ತವನ ವೈರಿ! "ಆಮ್ಯಾಲೂ ನಾಟಕ ಯಾಕ ಅಷ್ಟುದ್ದ ಐತಿ ಅಂತ ಈಗ ತಿಳೀತ್ರೀ" ಎಂದ.

ಪ್ರಿಯರೇ, ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯವನ್ನು ನೆನೆಯಿರಿ. ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತಿದ್ದರು. ಅವರು ಇತರರಿಗಿಂತ ಹೆಚ್ಚು ಪಾಪಿಗಳಲ್ಲವೆಂದ ಪ್ರಭು, ಪಶ್ಚಾತ್ತಾಪದ ಕರೆಯನ್ನು ಕೇಳುತ್ತ ನಿಂತವರ ಕಡೆಗೇ ತಿರುಗಿಸಿದರು. ಯೋಬನ ಗೆಳೆಯರು ಏಳು ದಿನ ಸುಮ್ಮನೆ ಜೊತೆಗೆ ಕುಳಿತಿದ್ದರು; ಕಾರಣ ಹೇಳಲು ಬಾಯಿ ತೆರೆದ ಮೇಲೆಯೇ ಅವನಿಗೆ ಭಾರವಾದರು. ಲಾಸರನ ಸಮಾಧಿಯ ಬಳಿ ಯೇಸು ಕಣ್ಣೀರಿಟ್ಟರು.

ಜೀವ ದೇವರ ಕೊಡುಗೆ, ಅದನ್ನು ಕಳೆಯುವ ಹಕ್ಕು ನಮಗಿಲ್ಲ. ಇದು ಧರ್ಮಸಭೆಯ ಬೋಧನೆ. ಆದರೆ ತೀವ್ರ ಯಾತನೆ, ಭಯ ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವು. ಅಂಥವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. 1917ರ ಧರ್ಮಸಭಾ ಕಾನೂನು ಉದ್ದೇಶಪೂರ್ವಕವಾಗಿ ಜೀವ ಕಳೆದುಕೊಂಡವರಿಗೆ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ಮಾತಿಲ್ಲ. ಇಂದು ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ.

ಗ್ರೀಕ್ ಕವಿ ನಮ್ಮನ್ನು ಸಮಾಧಿಯವರೆಗೆ ಕರೆದೊಯ್ಯುತ್ತಾನೆ. ಸಮಾಧಿಯ ಕಲ್ಲು ಉರುಳಿದ್ದನ್ನು ನಂಬುವ ನಾವು ಅಲ್ಲಿಗೇ ನಿಲ್ಲಬಾರದು. ಈ ವಾರ ಅಂಥ ಒಂದು ಮನೆಗೆ ಹೋಗಿ. ಕಾರಣ ಕೇಳಬೇಡಿ. ಬುತ್ತಿ ಒಯ್ಯಿರಿ, ಹೆಂಗಸಿನ ಜೊತೆ ಕುಳಿತುಕೊಳ್ಳಿ, ಮಕ್ಕಳ ಶಾಲೆಯ ಖರ್ಚು ವಿಚಾರಿಸಿ. ನಿಮ್ಮ ಮನೆಯಲ್ಲೇ ಯಾರಾದರೂ ಬದುಕು ಸಾಕೆಂದರೆ ಗದರಿಸಬೇಡಿ. ಒಂಟಿಯಾಗಿ ಬಿಡದೆ ಅವರ ಮಾತು ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಕಣ್ಣೀರಿಟ್ಟ ಪ್ರಭು ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.