ಎದೆಬಡಿತದ ಲೆಕ್ಕ ಯಾರಿಗೆ?

ನಮ್ಮ ಕಡೆಯ ಮದುವೆಗಳಲ್ಲಿ ಒಂದು ಕಾಲಕ್ಕೆ ಅಳಿಯನಿಗೆ ವಾಚು, ಮಗಳಿಗೆ ಬಳೆ ಎಂಬುದು ರೂಢಿಯಾಗಿತ್ತು. ಎರಡೂ ಮಣಿಕಟ್ಟಿಗೆ ಸೇರುವ ವಸ್ತುಗಳೇ. ವಾಚು ಕಟ್ಟಿದವನು ಹೊರಗೆ ಹೋಗುವವನು, ಅವನಿಗೆ ವೇಳೆ ಗೊತ್ತಿರಬೇಕು. ಬಳೆ ತೊಟ್ಟವಳ ವೇಳೆಯನ್ನು ಉಳಿದವರು ನಿಶ್ಚಯಿಸುತ್ತಿದ್ದರು. ನಳಕ್ಕೆ ನೀರು ಬರುವ ವೇಳೆ, ಮಕ್ಕಳ ಶಾಲೆಯ ವೇಳೆ, ಯಜಮಾನರು ಊಟಕ್ಕೆ ಬರುವ ವೇಳೆ. ಅದಕ್ಕೇ ಇರಬೇಕು, ಓಡುವಾಗ ನನ್ನ ದೂರವನ್ನೂ ಎದೆಬಡಿತವನ್ನೂ ಎಣಿಸುವ ಕೈಗಡಿಯಾರವೊಂದು ನನಗೆ ಬೇಕು ಎಂದು ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಬಾಯಿಬಿಟ್ಟಾಗ ಮನೆಯಲ್ಲಿ ಅದೊಂದು ಚರ್ಚೆಯ ವಿಷಯವೇ ಆಯಿತು.

ಕೊಪ್ಪಳದಲ್ಲಿ ಬೆಳಗಿನ ಐದೂವರೆಗೆ ಗವಿಮಠದ ಕಡೆ ಹೋದರೆ ನಡೆಯುವ ಹೆಂಗಸರು ಬೇಕಾದಷ್ಟು ಮಂದಿ ಕಾಣುತ್ತಾರೆ, ಓಡುವವರು ಕಡಿಮೆ. ಮೂರು ವರ್ಷದಿಂದ ನಾನು ಆ ಕಡಿಮೆಯವರಲ್ಲಿ ಒಬ್ಬಳು. ಓಟ ಎನ್ನುವುದು ದೊಡ್ಡ ಮಾತು. ಎಮ್ಮೆ ಹೊಡೆದುಕೊಂಡು ಹೊರಟವರು ಮನಸ್ಸು ಮಾಡಿದರೆ ನನ್ನನ್ನು ಹಿಂದೆ ಹಾಕಿಯಾರು. ಹೀಗಿರುವಾಗ ಹತ್ತಿಪ್ಪತ್ತು ಸಾವಿರ ಕೊಟ್ಟು ಗಡಿಯಾರ ಬೇಕೆ? ಯಲಬುರ್ಗಾದ ಎರೆಹೊಲದಲ್ಲಿ ಜೋಳ ಕೊಯ್ದು ಆಯುಷ್ಯ ಕಳೆದ ನಮ್ಮ ಅತ್ತೆ ನೇರವಾಗಿ ಕೇಳಿದರು: “ಎದಿ ತಾನಾಗೇ ಬಡೀತೈತಿ. ಅದನ್ನ ಎಣಿಸಿ ಏನ್ ಮಾಡ್ತೀಯವಾ?”

ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಹಾಗೆ ನೋಡಿದರೆ ನಾಡಿ ಎಣಿಸುವುದು ಹೊಸದೇನೂ ಅಲ್ಲ. ನಮ್ಮ ಪಂಡಿತರು ಮೂರು ಬೆರಳಿಟ್ಟು ನಾಡಿ ನೋಡುತ್ತಿದ್ದರು, ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ. ಇಂಗ್ಲೆಂಡಿನ ಜಾನ್ ಫ್ಲಾಯರ್ ಎಂಬ ವೈದ್ಯ ನಾಡಿ ಎಣಿಸುವುದಕ್ಕೆಂದೇ ಒಂದು ಗಡಿಯಾರ ಮಾಡಿಸಿ, 1707ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಆದರೆ ಅಲ್ಲೆಲ್ಲ ಎಣಿಸುವವರು ಒಬ್ಬರು, ಕೈ ಚಾಚುವವರು ಇನ್ನೊಬ್ಬರು. ಈಗ ಬಂದಿರುವ ಹೊಸತೆಂದರೆ, ಕೈ ಚಾಚಿದವಳೇ ಲೆಕ್ಕವನ್ನೂ ಓದಬಹುದು.

ಗಡಿಯಾರ ಆರಿಸುವ ಮುಂಚೆ ಅದು ಏನು ಮಾಡುತ್ತದೆಂದು ತಿಳಿಯಬೇಕಲ್ಲ? ಮಗನನ್ನು ಕಾಡಿ ಬೇಡಿ ತಿಳಿದುಕೊಂಡೆ. ಅದರ ಕೆಲಸ ಎರಡು. ಒಂದು ಜಿಪಿಎಸ್. ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರಿಂದ ಬರುವ ಸಂಕೇತಗಳ ವೇಳೆಯನ್ನು ಹೋಲಿಸಿ, ನಾವು ಎಲ್ಲಿದ್ದೇವೆಂದು ಗಡಿಯಾರ ಲೆಕ್ಕ ಹಾಕುತ್ತದೆ. ಎರಡನೆಯದು ಎದೆಬಡಿತ. ಗಡಿಯಾರದ ಹಿಂಬದಿಯಿಂದ ಹಸಿರು ಬೆಳಕು ಚರ್ಮದೊಳಗೆ ಇಳಿಯುತ್ತದೆ. ಒಂದೊಂದು ಬಡಿತಕ್ಕೂ ರಕ್ತ ಉಕ್ಕಿದಾಗ ಬೆಳಕು ಹೆಚ್ಚು ಹೀರಿಕೊಳ್ಳುತ್ತದೆ, ಇಳಿದಾಗ ಕಡಿಮೆ. ಆ ಏರಿಳಿತವೇ ಲೆಕ್ಕ. ಪಟ್ಟಿ ಸಡಿಲವಾದರೆ, ಬಳೆ ಅಡ್ಡ ಬಂದು ಗಡಿಯಾರ ಅಲುಗಾಡಿದರೆ, ಅದು ನಮ್ಮ ಹೆಜ್ಜೆಯನ್ನೇ ಬಡಿತವೆಂದು ಎಣಿಸಿಬಿಡುವುದೂ ಉಂಟು. ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಬೇಕು. ಇನ್ನೂ ನಿಖರವಾಗಿ ಬೇಕೆಂದರೆ ಎದೆಗೆ ಕಟ್ಟುವ ಪಟ್ಟಿಯಿದೆ, ಅದು ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ.

ಈ ಎರಡು ಲೆಕ್ಕಗಳ ಗುಣವೇ ಬೇರೆ ಬೇರೆ ಎಂದು ನನಗೆ ಅನ್ನಿಸಿದೆ. ದೂರ ಮತ್ತು ವೇಗ ಲೋಕದ ಅಳತೆ. ಐದು ಕಿಲೋಮೀಟರ್ ಎಂದರೆ ನನಗೂ ಐದೇ, ಒಲಿಂಪಿಕ್ಸಿನ ಓಟಗಾರ್ತಿಗೂ ಐದೇ. ಅಲ್ಲಿ ನಾನು ಯಾವಾಗಲೂ ಹಿಂದೆ. ಎದೆಬಡಿತ ಹಾಗಲ್ಲ. ಅದು ಹೇಳುವುದು ನಾನು ಎಷ್ಟು ಶ್ರಮಪಟ್ಟೆ ಎಂಬುದನ್ನು. ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ಸ್ವರ್ಗ ಸಿಕ್ಕೀತು ಎಂಬ ಅಭಿಪ್ರಾಯ ಅದರಲ್ಲಿದೆ. ಆ ಬಂಡೆಯ ಊರಿನಲ್ಲಿ ಓಡುವವಳಿಗೆ ವೇಗಕ್ಕಿಂತ ಶ್ರಮದ ಲೆಕ್ಕ ಹಿತವೆನಿಸಿದರೆ ತಪ್ಪೇನು?

ಆದರೆ ಶ್ರಮದ ಅಳತೆಗೋಲನ್ನು ಮಾಡಿದವರು ಯಾರು ಎಂಬ ಪ್ರಶ್ನೆಯೂ ಇದೆ. 220ರಿಂದ ವಯಸ್ಸನ್ನು ಕಳೆದರೆ ಉಳಿಯುವುದೇ ಹೃದಯದ ಗರಿಷ್ಠ ಬಡಿತ ಎಂದು ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಅದು ಬಹುಮಟ್ಟಿಗೆ ಗಂಡಸರನ್ನು ನೋಡಿ ಕಟ್ಟಿದ ಲೆಕ್ಕ. ಹೃದ್ರೋಗ ತಜ್ಞೆ ಮಾರ್ಥಾ ಗುಲಾಟಿ ಮತ್ತು ಅವರ ಜೊತೆಯವರು ಅಮೆರಿಕದ ಷಿಕಾಗೋ ಕಡೆಯ ಐದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಪರೀಕ್ಷಿಸಿ 2010ರಲ್ಲಿ ಬೇರೆ ಲೆಕ್ಕ ಕೊಟ್ಟರು. ವಯಸ್ಸನ್ನು 0.88ರಿಂದ ಗುಣಿಸಿ 206ರಲ್ಲಿ ಕಳೆಯಬೇಕು. ಹಳೆಯ ಲೆಕ್ಕದಲ್ಲಿ ನನ್ನ ಗರಿಷ್ಠ ಬಡಿತ 172, ಹೊಸದರಲ್ಲಿ 164. ಎಂಟು ಬಡಿತದ ಅಂತರ. ಇದೂ ಸರಾಸರಿಯೇ, ಒಬ್ಬೊಬ್ಬರಲ್ಲಿ ಹತ್ತು ಹೆಚ್ಚು ಕಡಿಮೆ ಆಗಬಹುದು. ಹಳೆಯ ಲೆಕ್ಕವನ್ನು ನಂಬಿದ ಗಡಿಯಾರ “ನೀನಿನ್ನೂ ಸಾಲದು, ಇನ್ನಷ್ಟು ಓಡು” ಎಂದು ನನಗೆ ಹೇಳಿದರೆ ಕೇಳಬೇಕೆ?

ಹೆಂಗಸರ ಓಟದ ವಿಷಯದಲ್ಲಿ ಲೋಕ ತಪ್ಪು ಲೆಕ್ಕ ಹಾಕಿದ್ದು ಇದೊಂದೇ ಸಲವಲ್ಲ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ 800 ಮೀಟರ್ ಓಡಿದ ಹೆಂಗಸರ ಸುಸ್ತನ್ನೇ ಪತ್ರಿಕೆಗಳು ದೊಡ್ಡದು ಮಾಡಿ ಬರೆದವು. ಆ ಓಟ ಅವರಿಗೆ ಮತ್ತೆ ಸಿಕ್ಕಿದ್ದು 1960ರಲ್ಲಿ, ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ಒಮ್ಮೆ ಹೆಣ್ಣಿನ ದಣಿವನ್ನು ಇಲ್ಲದಷ್ಟು ಹಿಗ್ಗಿಸುತ್ತಾರೆ, ಇನ್ನೊಮ್ಮೆ ದಣಿವೇ ಇಲ್ಲವೆನ್ನುತ್ತಾರೆ. ನಮ್ಮ ಮನೆಗಳಲ್ಲಿ ನಡೆಯುವುದು ಎರಡನೆಯದು. ಜ್ವರವಿದ್ದರೂ ರೊಟ್ಟಿ ಬಡಿದವಳಿಗೆ “ಇವತ್ತು ನನಗೆ ಸಾಕಾಗಿದೆ” ಎಂದು ಹೇಳುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಬೆಳಿಗ್ಗೆ ಏಳುವಾಗ ನಾಡಿ ದಿನದ ಲೆಕ್ಕಕ್ಕಿಂತ ಹತ್ತು ಹೆಚ್ಚಿದ್ದರೆ ಅದಕ್ಕೆ ಕಾರಣವಿದ್ದೀತು: ನಿದ್ದೆಗೇಡು, ಜ್ವರ, ಇಲ್ಲವೇ ಚಿಂತೆ. ದಿನವೂ ಹಾಗೇ ಇದ್ದರೆ ರಕ್ತಹೀನತೆಯೂ ಇರಬಹುದು, ಡಾಕ್ಟರಿಗೆ ತೋರಿಸಬೇಕು. ಅತ್ತೆಯ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು. ಎಣಿಸುವುದು ಎದೆಯನ್ನು ನಡೆಸುವುದಕ್ಕಲ್ಲ, ನನ್ನ ದಣಿವಿಗೆ ನಾನೇ ಸಾಕ್ಷಿಯಾಗುವುದಕ್ಕೆ.

ಇಲ್ಲಿಯೂ ಒಂದು ಅಪಾಯವಿದೆ. ಕುಷ್ಟಗಿಯಲ್ಲಿ ಶಿಕ್ಷಕಿಯಾಗಿರುವ ನನ್ನ ಗೆಳತಿ ಹತ್ತು ವರ್ಷದಿಂದ ಯಾವ ಗಡಿಯಾರವೂ ಇಲ್ಲದೆ ಓಡುತ್ತಾಳೆ. ಅವಳು ಅಂದಳು: “ಓಡ್ತಾ ಓಡ್ತಾ ಮಾತಾಡಾಕ ಬಂದ್ರ ಸರಿ ಓಡಾಕತ್ತೀನಿ ಅಂತ ಅರ್ಥ. ಮಾತು ಕಡೀತಂದ್ರ ನಿಧಾನ ಮಾಡ್ತೀನಿ. ಸುಸ್ತಾಗೈತಿ ಅನ್ನಾಕೂ ಯಂತ್ರ ಬೇಕಾದ್ರ ಹೆಂಗ?” ಅವಳ ಮಾತು ನಿಜ. ವೈದ್ಯರೂ ಈ ಮಾತಿನ ಪರೀಕ್ಷೆಯನ್ನು ಒಪ್ಪುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಜನವರಿಯ ನಿಧಾನದಲ್ಲೇ ಓಡಿದರೂ ಬಡಿತ ಏರುತ್ತದೆ, ಮೈ ತಂಪು ಮಾಡಿಕೊಳ್ಳಲು ಹೃದಯ ಚರ್ಮದ ಕಡೆಗೂ ರಕ್ತ ತಳ್ಳಬೇಕಾಗುತ್ತದೆ. ಇದನ್ನು ತಿಳಿಯದವಳಿಗೆ ಅಂಕಿ ಹೆದರಿಕೆ ಹುಟ್ಟಿಸುತ್ತದೆ. ಅಂಕಿ ಒಂದು ಮಾತು, ಮೈ ಇನ್ನೊಂದು ಮಾತು. ಎರಡನ್ನೂ ಕೇಳಿ ತೀರ್ಪು ಕೊಡುವವಳು ನಾನಾಗಬೇಕು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮಾತ್ರ ಗಂಗಾವತಿಯಲ್ಲಿರುವ ನಮ್ಮಕ್ಕನ ಮಗಳು. ಕಾಲುವೆಯ ದಂಡೆಯ ರಸ್ತೆಯಲ್ಲಿ, ಗದ್ದೆಗಳ ನಡುವೆ ಓಡುತ್ತಾಳೆ. ಅವಳ ಗಡಿಯಾರವೂ ಫೋನೂ ಸೇರಿ, ಅವಳು ಎಲ್ಲಿದ್ದಾಳೆಂದು ಮನೆಯವರಿಗೆ ಕ್ಷಣಕ್ಷಣಕ್ಕೂ ತೋರಿಸುತ್ತವೆ. ಒಂಟಿ ರಸ್ತೆ, ನಸುಕಿನ ಹೊತ್ತು, ಇದು ಒಳ್ಳೆಯದೇ ಅಲ್ಲವೇ ಅಂದುಕೊಂಡೆ. ಒಂದು ದಿನ ಸೇತುವೆಯ ಹತ್ತಿರ ಹಳೆಯ ಗೆಳತಿ ಸಿಕ್ಕಳಂತೆ, ಹತ್ತು ನಿಮಿಷ ನಿಂತು ಮಾತಾಡಿದಳಂತೆ. ಮನೆಯಿಂದ ಫೋನು ಬಂತು: ಯಾಕೆ ನಿಂತೆ, ಯಾರ ಜೊತೆ? ಅವಳು ನನ್ನನ್ನು ಕೇಳಿದಳು: “ಚಿಗವ್ವ, ನಾ ಬಿದ್ರ ಗೊತ್ತಾಗ್ಲಿ ಅಂತ ಇದನ್ನ ಇಟ್ಟಾರೋ, ನಾ ನಿಂತ್ರ ಗೊತ್ತಾಗ್ಲಿ ಅಂತ ಇಟ್ಟಾರೋ?”

ಈ ಪ್ರಶ್ನೆಗೆ ಯಾವ ಅಂಗಡಿಯವನೂ ಉತ್ತರ ಕೊಡಲಾರ. ಒಂದು ಸಂಗತಿಯನ್ನು ಮಾತ್ರ ನಾವು ತಿಳಿದಿರಬೇಕು. ಉಪಗ್ರಹಕ್ಕೆ ನಾವು ಯಾರೆಂದು ಗೊತ್ತಿಲ್ಲ. ಅದು ಸಂಕೇತ ಕಳಿಸುತ್ತದೆ, ಗಡಿಯಾರ ಬರೀ ಕೇಳಿಸಿಕೊಳ್ಳುತ್ತದೆ. ನಮ್ಮ ಸುದ್ದಿ ಹೊರಗೆ ಹೋಗುವುದು ಗಡಿಯಾರವೋ ಫೋನೋ ಅದನ್ನು ಕಳಿಸಿದಾಗ ಮಾತ್ರ. ಸ್ಟ್ರಾವಾ ಎಂಬ ಕಂಪನಿ ಓಟಗಾರರ ದಾರಿಗಳನ್ನೆಲ್ಲ ಕೂಡಿಸಿ ಪ್ರಕಟಿಸಿದ್ದ ನಕ್ಷೆಯಲ್ಲಿ ಸೈನಿಕರ ನೆಲೆಗಳೇ ಎದ್ದು ಕಾಣುತ್ತಿವೆ ಎಂದು 2018ರ ಜನವರಿಯಲ್ಲಿ ದೊಡ್ಡ ಸುದ್ದಿಯಾಯಿತು. ಸೈನಿಕರ ಮಾತೇ ಹೀಗಾದರೆ, ದಿನವೂ ತನ್ನ ಹೊಸ್ತಿಲಿಂದಲೇ ಓಟ ಶುರುಮಾಡುವ ಹೆಣ್ಣುಮಗಳ ಮಾತೇನು? ಗುರುತಿಲ್ಲದವರಿಗೆ ಅವಳ ಮನೆ, ಅವಳ ಹೊತ್ತು, ಅವಳ ದಾರಿ ಮೂರೂ ಸಿಕ್ಕಂತೆ.

ರಕ್ಷಣೆಯ ಹೆಸರಿನಲ್ಲಿ ಕಾವಲು ಬರುವುದು ನಮಗೆ ಹೊಸದಲ್ಲ. ಹಾಗೆಂದು ರಕ್ಷಣೆಯೇ ಬೇಡ ಎನ್ನುವಷ್ಟು ನಾನು ಧೈರ್ಯಸ್ಥೆಯಲ್ಲ. ನಾನು ಕಂಡುಕೊಂಡ ವ್ಯತ್ಯಾಸ ಇಷ್ಟೇ: ನಾನಿರುವ ಜಾಗವನ್ನು ನಾನಾಗಿ ತಿಳಿಸಿದರೆ ಅದು ನಂಬಿಕೆ. ನನ್ನನ್ನು ಕೇಳದೆ ತೆಗೆದುಕೊಂಡರೆ ಅದು ಕಾವಲು. ತಿಳಿಸುವ, ನಿಲ್ಲಿಸುವ ಗುಂಡಿ ಯಾರ ಬೆರಳಿನ ಕೆಳಗಿದೆ ಎಂಬುದೇ ಮುಖ್ಯ.

ಇಷ್ಟು ಯೋಚಿಸಿದ ಮೇಲೆ ಆಯ್ಕೆ ಸುಲಭವಾಯಿತು. ಫೋನನ್ನು ನೆಚ್ಚದೆ ತನ್ನಲ್ಲೇ ಜಿಪಿಎಸ್ ಇರುವಂಥದ್ದು ಬೇಕು ಅಂದೆ. ಕೆಲವು ಅಗ್ಗದ ಗಡಿಯಾರಗಳು ಫೋನಿನ ಜಿಪಿಎಸ್ಸನ್ನೇ ಎರವಲು ಪಡೆಯುತ್ತವೆ, ಅದನ್ನು ಕೇಳಿಯೇ ತಿಳಿಯಬೇಕು. ಬೆವರಿದ ಬೆರಳಿಗೆ ಒತ್ತಲು ಬರುವ ಗುಂಡಿಗಳಿರಬೇಕು. ಸಣ್ಣ ಮಣಿಕಟ್ಟಿಗೆ ಕೂರಬೇಕು. ಗರಿಷ್ಠ ಬಡಿತವನ್ನು ನಾನೇ ಬದಲಿಸಲು ಬರಬೇಕು. ಬೇಕಾದಾಗ ಎದೆಪಟ್ಟಿ ಜೋಡಿಸಲು ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಲೆಕ್ಕವನ್ನು ಯಾರಿಗೂ ತೋರಿಸದೆ ನನ್ನಲ್ಲೇ ಇಟ್ಟುಕೊಳ್ಳಲು ಬರಬೇಕು. ಹಾಡು, ಸಂದೇಶ, ಫೋನು ಎಲ್ಲ ಇರುವ ದುಬಾರಿಯದನ್ನು ಮಗ ತೋರಿಸಿದ. ಓಡುವ ಒಂದು ಗಂಟೆಯಾದರೂ ಯಾರೂ ನನ್ನನ್ನು ಕರೆಯದಿರಲಿ ಎಂದು ಬೇಡವೆಂದೆ. ಈಗ ಹೊರಡುವಾಗ “ಕ್ರೀಡಾಂಗಣದ ಕಡೆ ಹೋಗ್ತೀನಿ, ಏಳಕ್ಕೆ ಬರ್ತೀನಿ” ಎಂದು ಯಜಮಾನರಿಗೆ ಬಾಯಿಮಾತಿನಲ್ಲಿ ಹೇಳುತ್ತೇನೆ. ದೂರದ ದಾರಿಗೆ ಹೋಗುವ ದಿನ ಫೋನು ಜೊತೆಗೊಯ್ದು, ಎಲ್ಲಿದ್ದೇನೆಂದು ನಾನಾಗಿಯೇ ತೋರಿಸುತ್ತೇನೆ.

ಗಂಗಾವತಿಯ ಹುಡುಗಿ ಮನೆಯವರೊಡನೆ ಜಗಳವಾಡಲಿಲ್ಲ. ಕೂತು ಮಾತಾಡಿದಳಂತೆ. ಬೀಳುವ ಭಯ ನಿಮಗಿದೆ, ಅದು ನನಗೂ ಇದೆ, ಆದರೆ ನಿಲ್ಲುವ ಹಕ್ಕು ನನ್ನದು ಅಂದಳಂತೆ. ಅದನ್ನು ಅವರು ಪೂರ್ತಿ ಒಪ್ಪಿದ್ದಾರೆಂದು ನಾನು ಹೇಳಲಾರೆ. ಹೋದ ವಾರ ಫೋನಿನಲ್ಲಿ ಅವಳ ದನಿ ಗೆಲುವಾಗಿತ್ತು. ಈಗ ಅವಳು ನಿಂತರೆ ಮನೆಯವರು ಕೂಡಲೇ ಫೋನು ಮಾಡುವುದಿಲ್ಲವಂತೆ, ಹದಿನೈದು ನಿಮಿಷ ಕಾಯುತ್ತಾರಂತೆ. ಹದಿನೈದು ನಿಮಿಷ ಸಣ್ಣದಲ್ಲ. ಅಷ್ಟರಲ್ಲಿ ಇಬ್ಬರು ಗೆಳತಿಯರು ಎಷ್ಟೋ ಮಾತಾಡಿ ಮುಗಿಸಬಹುದು.