ಮಳೆನಾಡಿನಲ್ಲಿ ಹೇತುವಿನ ಪರೀಕ್ಷೆ

ಕಂಡ ಗುರುತಿನಿಂದ ಕಾಣದ ವಸ್ತುವನ್ನು ತಿಳಿಯುವ ಬಗೆಯನ್ನು ಶಾಸ್ತ್ರಗಳು ಅನುಮಾನವೆಂದು ಕರೆಯುತ್ತವೆ. ಸಂಶಯವೆಂಬ ಆಡುಮಾತಿನ ಅರ್ಥ ಇಲ್ಲಿ ಸಲ್ಲದು. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಅರಿಯುವುದು ಅದರ ಪ್ರಸಿದ್ಧ ಉದಾಹರಣೆ. ಅಲ್ಲಿ ಹೊಗೆ ಹೇತು, ಬೆಂಕಿ ಸಾಧ್ಯ. ಗುರುತೊಂದು ಯಾವಾಗ ನಿಜವಾದ ಹೇತುವಾಗುತ್ತದೆ ಎಂಬ ಪ್ರಶ್ನೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಳೆಗಾಲದಲ್ಲಿ ಕಾರಿನ ಹೀಟರ್ ಇನ್ನೊಂದು ಉದಾಹರಣೆಯನ್ನು ಒದಗಿಸುತ್ತದೆ.

ಎಂಜಿನ್ನಿನ ಬಿಸಿಯನ್ನು ಹೊತ್ತ ಕೂಲೆಂಟ್, ಅಂದರೆ ಸಾಮಾನ್ಯವಾಗಿ ನೀರು ಮತ್ತು ಎಥಿಲೀನ್ ಗ್ಲೈಕಾಲ್‌ಗಳ ಮಿಶ್ರಣ, ಎರಡು ರಬ್ಬರ್ ಹೋಸ್‌ಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರನ್ನು ಹೊಕ್ಕು ಮರಳುತ್ತದೆ. ಆ ಕೋರ್ ಸೋರಿದರೆ ಮುಂದಿನ ಗಾಜು ಮಸುಕಾಗುತ್ತದೆ, ಕಾಲಬುಡದ ಕಾರ್ಪೆಟ್ ಒದ್ದೆಯಾಗುತ್ತದೆ. ಆದರೆ ಆಷಾಢದ ಮಲೆನಾಡಿನಲ್ಲಿ ಒದ್ದೆ ಕೊಡೆಯೊಂದೇ ಗಾಜನ್ನು ಮಸುಕುಗೊಳಿಸಬಲ್ಲದು, ಎ.ಸಿ. ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೂ ಕಾರ್ಪೆಟ್ ನೆನೆಯುತ್ತದೆ. ಸಾಧ್ಯವಿಲ್ಲದಲ್ಲಿಯೂ ಕಾಣಿಸಿಕೊಳ್ಳುವ ಇಂಥ ಹೇತುವನ್ನು ನ್ಯಾಯದರ್ಶನವು ಸವ್ಯಭಿಚಾರವೆಂದು ದೋಷಗಳ ಸಾಲಿನಲ್ಲಿ ಸೇರಿಸಿದೆ.

ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂಬ ಮಾತು ಕಾದ ಕಬ್ಬಿಣದ ಗುಂಡಿನಲ್ಲಿ ಸುಳ್ಳಾಗುವುದು, ಹೊಗೆಗೆ ಹಸಿ ಸೌದೆಯೂ ಬೇಕೆಂಬುದು ಗಮನಕ್ಕೆ ಬಾರದೆ ಉಳಿದುದರಿಂದ. ಈ ಮಾತಿನಲ್ಲಿ ಪಾತ್ರಗಳು ಅದಲುಬದಲಾಗಿ ಬೆಂಕಿ ಹೇತು, ಹೊಗೆ ಸಾಧ್ಯ. ಹೀಗೆ ಮರೆಯಲ್ಲಿ ನಿಂತ ನಿಬಂಧನೆಗೆ ಉಪಾಧಿ ಎಂದು ಹೆಸರು. ಅದು ಸಾಧ್ಯವಿದ್ದಲ್ಲೆಲ್ಲ ಇರುತ್ತದೆ, ಹೇತುವಿದ್ದಲ್ಲೆಲ್ಲ ಇರುವುದಿಲ್ಲ. ಕೂಲೆಂಟಿನ ಸಿಹಿವಾಸನೆ, ಬಣ್ಣ, ಬೆರಳಿಗೆ ತಾಗುವ ಜಾರುಜಿಗುಟು ಇಲ್ಲಿ ಇಂಥ ಉಪಾಧಿಗಳು: ಕೋರ್ ಸೋರಿದರೆ ಅವು ಇರುತ್ತವೆ, ಬರಿಯ ಒದ್ದೆಯಲ್ಲಿ ಇರಬೇಕೆಂದಿಲ್ಲ. ಆದುದರಿಂದ ಒದ್ದೆಯನ್ನಷ್ಟೇ ನಂಬಿ ಡ್ಯಾಶ್‌ಬೋರ್ಡನ್ನು ಬಿಚ್ಚುವವನು ತರ್ಕದಲ್ಲಿಯೇ ತಪ್ಪಿರುತ್ತಾನೆ. ಜ್ವಾಲಾಮಾಲಿನಿಯ ಬಸದಿಯುಳ್ಳ ನರಸಿಂಹರಾಜಪುರಕ್ಕೆ ಹತ್ತಿರದ ಜೈನಪರಂಪರೆಯಲ್ಲಿ ಪಾತ್ರಕೇಸರಿ, ಅಕಲಂಕರು ಹೇತುವಿಗೆ ಒಂದೇ ಲಕ್ಷಣವನ್ನು ಒಪ್ಪಿದರು. ಅದು ಅನ್ಯಥಾನುಪಪನ್ನತ್ವ, ಅಂದರೆ ಸಾಧ್ಯವಿಲ್ಲದೆ ಹೇತು ಇರಲಾರದೆಂಬ ಗುಣ. ಮನೆಯಂಗಳದಲ್ಲಿ ದುರಸ್ತಿಗೆ ಕುಳಿತವನಿಗೆ ಬೌದ್ಧರು ಹೇತುವಿಗೆ ಹೇಳುವ ಮೂರು ಲಕ್ಷಣಗಳಿಗಿಂತ ಈ ಒಂದೇ ಹೆಚ್ಚು ಉಪಕಾರಿ.

ದುರಸ್ತಿಯ ಕ್ರಮವೂ ಪರೀಕ್ಷೆಯೇ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ಸೆಲ್ಸಿಯಸ್ ದಾಟಿಯೂ ಕುದಿಯದೆ ಇರಬಲ್ಲದಾದ್ದರಿಂದ, ಎಂಜಿನ್ ಪೂರ್ತಿ ತಣಿಯುವವರೆಗೆ ಮುಚ್ಚಳವನ್ನು ತೆಗೆಯಬಾರದು. ಮೊದಲು ಕ್ಲ್ಯಾಂಪ್, ಅನಂತರ ಹೋಸ್, ಕೊನೆಗೆ ಕೋರ್ ಎಂದು ಸುಲಭದಿಂದ ಕಷ್ಟಕ್ಕೆ ಸಾಗುವುದು ಯುಕ್ತ. ಹೊರತೆಗೆದ ದ್ರವ ಸಿಹಿಯಾದ ವಿಷ. ನಾಯಿ, ದನಗಳು ನೆಕ್ಕಿದರೆ ಸಾಯಬಹುದು. ಭಕ್ತರು ಮೀನುಗಳಿಗೆ ಆಹಾರವಿಕ್ಕುವ ತುಂಗೆಯ ಸೀಮೆಯಲ್ಲಿ ಅದನ್ನು ಚರಂಡಿಗೆ ಸುರಿಯುವುದು ಅಕ್ಷಮ್ಯ.

ಹೊಸ ಹೋಸ್ ಜೋಡಿಸಿದ ಮೇಲೆ ಕಾರ್ಪೆಟ್ ಒಣಗಿ ಹಾಗೆಯೇ ಉಳಿದರೆ, ಪ್ರವೃತ್ತಿ, ಅಂದರೆ ಜ್ಞಾನವನ್ನು ನಂಬಿ ಮಾಡಿದ ಕೆಲಸ, ಸಫಲವಾದುದರಿಂದಲೇ ಜ್ಞಾನ ಸತ್ಯವೆಂದು ತಿಳಿಯಿತು ಎಂದು ನೈಯಾಯಿಕನು ಹೇಳುವನು. ಶೃಂಗೇರಿಯ ಅದ್ವೈತಿಯು ಇದನ್ನು ಒಪ್ಪನು. ಅವನ ಮತದಲ್ಲಿ ಜ್ಞಾನ ಸ್ವತಃ ಪ್ರಮಾಣ. ಒಣಗಿದ ಕಾರ್ಪೆಟ್ ಅದಕ್ಕೆ ಏನನ್ನೂ ಸೇರಿಸಲಿಲ್ಲ, ಅದನ್ನು ಅಲ್ಲಗಳೆಯುವ ಬಾಧಕವೊಂದು ಈವರೆಗೆ ಬರಲಿಲ್ಲ, ಅಷ್ಟೆ. ಇಬ್ಬರೂ ಮರುದಿನ ಬೆಳಿಗ್ಗೆ ಕೂಲೆಂಟಿನ ಮಟ್ಟವನ್ನು ನೋಡುವರು, ಆದರೆ ಬೇರೆ ಬೇರೆ ಕಾರಣಗಳಿಗಾಗಿ.