ಬೆಲೆಯಿಲ್ಲದೆ ದೊರೆತ ಬೆಳಕು

ಕ್ರಿಸ್ತಜಯಂತಿಯ ಕಾಲವು ಸಮೀಪಿಸಿದೊಡನೆ ನಮ್ಮ ಹಳ್ಳಿಗಳಲ್ಲಿರುವ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರಗಳು ಕಾಣಿಸಿಕೊಳ್ಳುತ್ತವೆ. ಬಿದಿರಿನ ಕಡ್ಡಿಗಳನ್ನು ಕಟ್ಟಿ, ಬಣ್ಣದ ಕಾಗದವನ್ನು ಅಂಟಿಸಿ, ಒಳಗೆ ದೀಪವನ್ನಿಟ್ಟು, ಡಿಸೆಂಬರ್ ತಿಂಗಳ ಮೊದಲಿನಿಂದ ಜನವರಿ ೬ನೆಯ ತಾರೀಖಿನ ವರೆಗೂ ಅದನ್ನು ಬೆಳಗಿಸುವವರು ಅನೇಕರು. ಇದು ಮಕ್ಕಳಿಗೆ ಹರ್ಷವೂ ದಾರಿಹೋಕರಿಗೆ ಸಾಕ್ಷಿಯೂ ಆಗಿರುವದರಿಂದ ಇದನ್ನು ಆಕ್ಷೇಪಿಸುವದು ನಮ್ಮ ಉದ್ದೇಶವಲ್ಲ. ಆದರೆ ಈ ದೀಪದ ವಿಷಯವಾಗಿ ಒಬ್ಬ ಬೋಧಕರಿಗೂ ಅವರ ಸಭೆಯ ಒಬ್ಬ ಹಿರಿಯರಿಗೂ ನಡೆದ ಸಂಭಾಷಣೆಯನ್ನು ಕೇಳಿದ ಮೇಲೆ, ನಾವೆಲ್ಲರೂ ಆಲೋಚಿಸತಕ್ಕ ಒಂದು ಪ್ರಶ್ನೆಯು ಇದರಲ್ಲಿ ಅಡಗಿದೆ ಎಂದು ತೋಚಿತು.

ಹಬ್ಬದ ದಿನಗಳಲ್ಲಿ ಬೋಧಕರು ಮನೆಗಳನ್ನು ಸಂದರ್ಶಿಸುತ್ತಾ ಆ ಹಿರಿಯರ ಮನೆಗೆ ಬಂದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಆದರೂ ಜಗಲಿಯ ನಕ್ಷತ್ರವು ಉರಿಯುತ್ತಲೇ ಇತ್ತು. ಬಚ್ಚಲಲ್ಲಿ ಯಾರೂ ಇಲ್ಲದೆ, ಬಕೀಟಿನೊಳಗಿಟ್ಟ ಹೀಟರಿನಿಂದ ನೀರು ಕುದಿದು ಚೆಲ್ಲುತ್ತಿತ್ತು. “ಅಣ್ಣನವರೇ, ಸೂರ್ಯನು ಬಂದಾಯಿತು, ನಿಮ್ಮ ನಕ್ಷತ್ರಕ್ಕೆ ಇನ್ನೂ ವಿಶ್ರಾಂತಿ ಇಲ್ಲವೋ?” ಎಂದು ಬೋಧಕರು ನಗುತ್ತಾ ಕೇಳಲು, “ಉರಿಯಲಿ ಬಿಡಿರಿ, ಅಯ್ಯನವರೇ. ಈಗ ಕರೆಂಟು ಪುಕ್ಕಟೆ, ನಮ್ಮ ಗಂಟೇನು ಹೋಗುತ್ತದೆ?” ಎಂದು ಹಿರಿಯರು ಉತ್ತರಕೊಟ್ಟರು. ಅವರ ಪತ್ನಿಯು, “ಇದು ಸ್ವಾಮಿಯ ಹಬ್ಬವಲ್ಲವೇ? ಇದರಲ್ಲಿಯೂ ಲೆಕ್ಕ ನೋಡಬಹುದೇ?” ಎಂದರು. ಬೋಧಕರಿಗೆ ಆ ಹೊತ್ತಿನಲ್ಲಿ ತಕ್ಕ ಉತ್ತರವು ಹೊಳೆಯಲಿಲ್ಲ.

ಇವು ಎರಡೂ ತಳ್ಳಿಬಿಡತಕ್ಕ ಮಾತುಗಳಲ್ಲ. ೨೦೨೩ರಲ್ಲಿ ಕರ್ನಾಟಕ ಸರಕಾರವು ಗೃಹಜ್ಯೋತಿ ಎಂಬ ಯೋಜನೆಯನ್ನು ಆರಂಭಿಸಿ, ತಿಂಗಳಿಗೆ ೨೦೦ ಯೂನಿಟುಗಳ ಮಿತಿಯೊಳಗೆ, ಆಯಾ ಮನೆಯ ಹಿಂದಿನ ಸರಾಸರಿ ಬಳಕೆಗೆ ನೂರಕ್ಕೆ ೧೦ನ್ನು ಕೂಡಿಸಿದಷ್ಟು ವಿದ್ಯುತ್ತನ್ನು ಹಣವಿಲ್ಲದೆ ಕೊಡತೊಡಗಿತು. ಇದರಿಂದ ಅನೇಕ ಬಡಮನೆಗಳಿಗೆ ಉಪಶಮನವಾಯಿತು. ಅದನ್ನು ಪಡೆಯುವದರಲ್ಲಿ ನಾಚಿಕೆಯೇನೂ ಇಲ್ಲ. ಮೊದಲು ಬಿಲ್ಲಿನ ಭಯವೇ ನಮ್ಮ ಕೈಯನ್ನು ಸ್ವಿಚ್ಚಿನ ಕಡೆಗೆ ನಡಿಸುತ್ತಿತ್ತು. ಈಗ ಆ ಭಯವು ಹೋಯಿತು. ಹಾಗಾದರೆ ಭಯದೊಂದಿಗೆ ಕರ್ತವ್ಯವೂ ಹೋಯಿತೋ? ಹಣ ತೆರದೆ ದೊರೆತದ್ದನ್ನು ವ್ಯರ್ಥಮಾಡುವದು ತಪ್ಪಾಗುವದೋ ಇಲ್ಲವೋ? ಪ್ರಶ್ನೆ ಇದೇ.

ನಾವು ತೆರದ ಬೆಲೆಯನ್ನು ಯಾರೂ ತೆರುವದಿಲ್ಲವೆಂದು ಎಣಿಸುವದು ಮೊದಲನೆಯ ಭ್ರಮೆ. ಆ ಹಣವು ಸರಕಾರದ ಬೊಕ್ಕಸದಿಂದ ಸಲ್ಲುತ್ತದೆ. ಸಂತೆಯಲ್ಲಿ ಸೋಪಿನ ತುಂಡನ್ನು ಕೊಳ್ಳುವ ಕೂಲಿ ಹೆಂಗಸಿನ ತೆರಿಗೆಯೂ ಆ ಬೊಕ್ಕಸದಲ್ಲಿದೆ. ಹಣದಿಂದ ಅಳೆಯಲಾಗದ ಬೆಲೆಯೂ ಉಂಟು. ೧೯೬೪ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲೂಕುಗಳ ಅನೇಕ ಹಳ್ಳಿಗಳು ನೀರಿನಡಿಗೆ ಹೋದವು. ಅಲ್ಲಿಯವರು ಗದ್ದೆಯನ್ನೂ ತೋಟವನ್ನೂ ಹಿರಿಯರ ಸಮಾಧಿಗಳನ್ನೂ ಬಿಟ್ಟು ಹೊರಟರು. ಅವರಲ್ಲಿ ಅನೇಕರು ಹೊಸ ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದರು. ಕೃಷ್ಣಾ ತೀರದ ಶಕ್ತಿನಗರದಲ್ಲಿ ೧೯೮೫ರಿಂದ ನಡೆಯುವ ರಾಯಚೂರು ಶಾಖೋತ್ಪನ್ನ ಸ್ಥಾವರವು, ಹೊರರಾಜ್ಯಗಳ ಗಣಿಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲನ್ನು ಸುಡುತ್ತದೆ. ಅದರ ಹೊಗೆಯೂ ಬೂದಿಯೂ ಸುತ್ತಣವರ ಪಾಲು. ಪಾವಗಡದ ಬಯಲಿನಲ್ಲಿ ಬಿಸಿಲಿನಿಂದಲೂ ವಿದ್ಯುತ್ತನ್ನು ಪಡೆಯುತ್ತಾರೆ ನಿಜ. ಆದರೆ ನಮ್ಮ ನಕ್ಷತ್ರವನ್ನು ಹಚ್ಚುವ ಹೊತ್ತಿಗೆ ಸೂರ್ಯನು ಮುಳುಗಿರುತ್ತಾನೆ.

ಯೋಹಾನನ ಸುವಾರ್ತೆಯ ೬ನೆಯ ಅಧ್ಯಾಯವನ್ನು ನೆನಸಿರಿ. ಐದು ಸಾವಿರ ಗಂಡಸರು ಹುಲ್ಲಿನ ಮೇಲೆ ಕೂತು ಹೊಟ್ಟೆತುಂಬ ಉಂಡರು. ಒಬ್ಬರೂ ಕಾಸು ಕೊಡಲಿಲ್ಲ. ಐದು ರೊಟ್ಟಿಗಳನ್ನು ಸಾವಿರಾರು ಮಂದಿಗೆ ಸಾಲುವಂತೆ ಮಾಡಿದ ಸ್ವಾಮಿಗೆ ತುಂಡುಗಳ ಕೊರತೆಯಿತ್ತೇ? ಆದರೂ ಉಳಿದದ್ದೊಂದೂ ಹಾಳಾಗದಂತೆ ಕೂಡಿಸಬೇಕೆಂದು ಆತನು ಶಿಷ್ಯರಿಗೆ ಅಪ್ಪಣೆಕೊಟ್ಟನು. ಹನ್ನೆರಡು ಪುಟ್ಟಿಗಳು ತುಂಬಿದವು. ಪುಕ್ಕಟೆಯಾಗಿ ದೊರೆತದ್ದನ್ನು ಚೆಲ್ಲಬಹುದೆಂಬ ನ್ಯಾಯವು ಆತನಿಗೆ ಒಪ್ಪಿಗೆಯಾಗಲಿಲ್ಲ. ಆ ರೊಟ್ಟಿಗಳ ಹಿಂದೆ ತನ್ನ ಬುತ್ತಿಯನ್ನು ಬಿಟ್ಟುಕೊಟ್ಟ ಒಬ್ಬ ಹುಡುಗನಿದ್ದನು. ನಮ್ಮ ದೀಪದ ಹಿಂದೆಯೂ ಬಿಟ್ಟುಕೊಟ್ಟವರು ಇದ್ದಾರೆ. ಆದರೆ ಅವರಲ್ಲಿ ಅನೇಕರನ್ನು ಯಾರೂ ಕೇಳಿರಲಿಲ್ಲ. ಉಚಿತವಾಗಿ ಪಡೆದವನು ಲೆಕ್ಕದಿಂದ ಬಿಡುಗಡೆಯಾದನೇ ಹೊರತು ಕೃತಜ್ಞತೆಯಿಂದ ಬಿಡುಗಡೆಯಾಗಲಿಲ್ಲ.

ಇನ್ನು ಆ ತಾಯಿಯ ಮಾತು. ಇದು ಹೆಚ್ಚು ಕಠಿನವಾದದ್ದು. ಬೇಥಾನ್ಯದಲ್ಲಿ ಮರಿಯಳು ಬಹು ಬೆಲೆಯುಳ್ಳ ತೈಲವನ್ನು ಸ್ವಾಮಿಯ ಪಾದಗಳಿಗೆ ಸುರಿದಾಗ, ಬಡವರ ಹೆಸರನ್ನೆತ್ತಿ ಲೆಕ್ಕ ಕೇಳಿದವನು ಯೂದನು. ಸ್ವಾಮಿಯಾದರೋ ಮರಿಯಳ ಪಕ್ಷವನ್ನು ಹಿಡಿದನು. ಆದಕಾರಣ ಉಳಿತಾಯವು ತನ್ನಷ್ಟಕ್ಕೆ ತಾನೇ ಪುಣ್ಯವಲ್ಲ. ನೆರೆಯವನ ಹಬ್ಬವನ್ನು ಅಳೆಯುವ ಜಿಪುಣನ ಕೈಗೂ ಅದು ಕೋಲಾಗಬಹುದು. ಆದರೆ ಮರಿಯಳು ತನ್ನದನ್ನು, ತಿಳಿದು, ಒಬ್ಬನಿಗಾಗಿ ಸುರಿದಳು. ಮನೆಯವರೆಲ್ಲರೂ ಮಲಗಿದ ಮೇಲೆ ಉರಿಯುವ ದೀಪವೂ ಯಾರೂ ಸ್ನಾನಮಾಡದ ನೀರೂ ಯಾರಿಗಾಗಿ? ಅದು ಪ್ರೀತಿಯ ಕಾಣಿಕೆಯಲ್ಲ, ಬರೀ ಮರೆವು. ಅದೂ ನಮ್ಮ ಮರೆವು, ಪರರ ತೈಲ.

ಲೆಕ್ಕವನ್ನಾದರೂ ಒಮ್ಮೆ ನೋಡೋಣ. ೬೦ ವಾಟಿನ ಹಳೆಯ ಬಲ್ಬು ರಾತ್ರಿಗೆ ೧೨ ತಾಸಿನಂತೆ ಆ ೩೭ ರಾತ್ರಿಗಳಲ್ಲಿ ಉರಿದರೆ ಸುಮಾರು ೨೭ ಯೂನಿಟು ಖರ್ಚಾಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ ೯ ವಾಟಿನ ಎಲ್‌ಇಡಿ ಬಲ್ಬನ್ನು ಹಾಕಿ, ಸಂಜೆ ೬ರಿಂದ ೧೦ರ ವರೆಗೆ ಮಾತ್ರ ಉರಿಸಿದರೆ ಒಂದೂವರೆ ಯೂನಿಟೂ ಆಗದು. ಆದರೆ ೧೫೦೦ ವಾಟಿನ ಹೀಟರು ಒಂದೇ ತಾಸಿನಲ್ಲಿ ಒಂದೂವರೆ ಯೂನಿಟನ್ನು ನುಂಗುತ್ತದೆ! ನೋಡಿರಿ, ಅಂತಹ ನಕ್ಷತ್ರವು ಹಬ್ಬದ ಕಾಲವೆಲ್ಲಾ ಬೆಳಗಿ ತಿಂದದ್ದಕ್ಕಿಂತ, ಬಚ್ಚಲಲ್ಲಿ ಒಂದು ತಾಸು ಮರೆತುಬಿಟ್ಟದ್ದೇ ಹೆಚ್ಚು. ಚಳಿಯ ಮುಂಜಾನೆ ಎಲ್ಲಾ ಮನೆಗಳಲ್ಲಿ ಒಟ್ಟಿಗೆ ಹೀಟರು ಹಾಕಿದಾಗ ಊರಿನ ಒಂದೇ ಟ್ರಾನ್ಸ್‌ಫಾರ್ಮರ್ ದಣಿದು, ಪಾಠ ಓದುವ ನೆರೆಮನೆಯ ಮಗುವಿನ ದೀಪವು ಮಂಕಾಗುವದನ್ನು ನಾವು ಕಂಡಿಲ್ಲವೇ? ಆದದರಿಂದ ನೆರೆಯವರ ಜಗಲಿಯ ನಕ್ಷತ್ರವನ್ನು ದೂಷಿಸುವ ಮೊದಲು ನಮ್ಮ ಬಚ್ಚಲನ್ನು ನೋಡಿಕೊಳ್ಳೋಣ. ಹಬ್ಬದ ಅಡಿಗೆಯಲ್ಲಿಯೂ ಕಾಳನ್ನು ರಾತ್ರಿಯೇ ನೆನೆಹಾಕಿ ಪಾತ್ರೆಗೆ ಮುಚ್ಚಳವಿಟ್ಟರೆ ಸೌದೆಯೂ ಗ್ಯಾಸೂ ಉಳಿಯುವವು, ಊಟದ ರುಚಿಯೇನೂ ಕುಂದದು.

ನಾನು ಆರಿಸಿದ ಒಂದು ದೀಪದಿಂದ ಶರಾವತಿಯಲ್ಲಿ ಮುಳುಗಿದ ಊರು ಮೇಲಕ್ಕೆ ಬರುವದೋ ಎಂದು ಕೇಳಿದರೆ, ಬರುವದಿಲ್ಲ. ಇದನ್ನು ಮರೆಮಾಡುವದು ಸತ್ಯವಲ್ಲ. ಆದರೆ ಒಬ್ಬರ ನಷ್ಟದಿಂದ ಬಂದದ್ದನ್ನು ಹೇಗೆ ಹಿಡಿಯುತ್ತೇವೆಂಬದರಲ್ಲಿ ನಾವು ಎಂಥವರೆಂಬದು ತೋರಿಬರುವದು. ಯಾರೂ ಕಾಣದ ಬಚ್ಚಲಲ್ಲಿ ಅದು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಬರುವದು.

ಆದಕಾರಣ, ಪ್ರಿಯರೇ, ಈ ಸಾರಿಯೂ ನಕ್ಷತ್ರವನ್ನು ಸಂತೋಷದಿಂದ ಏರಿಸಿರಿ. ಹಾಡುತ್ತಾ ಬರುವ ಯೌವನಸ್ಥರ ತಂಡವು ನಿಮ್ಮ ಅಂಗಳವನ್ನು ದಾಟುವ ವರೆಗೂ ಅದು ಬೆಳಗಲಿ. ಜೋಯಿಸರನ್ನು ನಡಿಸಿದ ನಕ್ಷತ್ರವೂ ದಾರಿ ನಡೆಯುವವರಿಗಾಗಿಯೇ ಇತ್ತು. ಕೂಸಿದ್ದ ಸ್ಥಳಕ್ಕೆ ಬಂದಾಗ ಅದು ನಿಂತಿತು. ದಾರಿಯಲ್ಲಿ ಯಾರೂ ಇಲ್ಲವಾದ ಮೇಲೆ ಮನೆಯ ಕಿರಿಯ ಮಗುವನ್ನು ಕರೆದು ಅದರ ಕೈಯಿಂದಲೇ ದೀಪವನ್ನು ಆರಿಸಿ, ಈ ಬೆಳಕಿಗಾಗಿ ತಮ್ಮದನ್ನು ಕಳಕೊಂಡವರನ್ನು ನೆನಸಿ ಒಂದು ಸಣ್ಣ ಪ್ರಾರ್ಥನೆಯನ್ನು ಮಾಡಿ ಮಲಗಿರಿ. ಇದನ್ನು ಮರೆಯದೆ ನಡೆಯುವದಕ್ಕೆ ದೇವರು ನಮ್ಮೆಲ್ಲರಿಗೂ ಸಹಾಯಮಾಡಲಿ.